ಹಾಪರಿನಲ್ಲಿ ಕಮಾನು ಕಟ್ಟುವ ಕ್ಯಾಥೋಡ್ ಪುಡಿ: ಅನುಭವವಿದ್ದವರು ದಯವಿಟ್ಟು ತಿಳಿಸಿ

ತುಮಕೂರಿನ ಹೊಸಬ:
ವಸಂತನರಸಾಪುರದ ಒಂದು ಚಿಕ್ಕ ಪ್ರಾಯೋಗಿಕ ಘಟಕದಲ್ಲಿ ನಾವು ಬ್ಯಾಟರಿಯ ಕ್ಯಾಥೋಡಿಗೆ, ಅಂದರೆ ಧನಧ್ರುವಕ್ಕೆ, ಬೇಕಾದ ಲಿಥಿಯಂ ಐರನ್ ಫಾಸ್ಫೇಟ್ ತಯಾರಿಸುತ್ತಿದ್ದೇವೆ. ಐರನ್ ಫಾಸ್ಫೇಟ್, ಲಿಥಿಯಂ ಕಾರ್ಬೊನೇಟ್, ಗ್ಲೂಕೋಸ್ ಮೂರನ್ನೂ 300 ಲೀಟರಿನ ರಿಬ್ಬನ್ ಬ್ಲೆಂಡರಿನಲ್ಲಿ ಒಣದಾಗಿಯೇ ಬೆರೆಸಿ, ಹಾಪರ್ (ದೊಡ್ಡ ಆಲಿಕೆ) ಮೂಲಕ, ಕುಲುಮೆಯಲ್ಲಿ ಸುಡುವ ಸೆರಾಮಿಕ್ ಪೆಟ್ಟಿಗೆಗಳಾದ ಸ್ಯಾಗರ್‌ಗಳಿಗೆ ತುಂಬುತ್ತೇವೆ. ಹಾಪರಿನ ಬಾಯಿ 150 ಮಿಲಿಮೀಟರ್, ಕೋನಿನ ಇಳಿಜಾರು 60 ಡಿಗ್ರಿ, ಪುಡಿಯ ಹರಿವನ್ನು ಅಳೆಯುವ ಕಾರ್ ಸೂಚ್ಯಂಕ 38 (ಹೆಚ್ಚಿದಷ್ಟೂ ಹರಿವು ಕಷ್ಟ). ಪುಡಿಯು ಬಾಯಿಯ ಮೇಲೆ ಕಮಾನು ಕಟ್ಟಿ ನಿಲ್ಲುತ್ತದೆ. ವೈಬ್ರೇಟರ್ ಇದ್ದರೂ ಕೆಲಸಗಾರರು ರಬ್ಬರ್ ಸುತ್ತಿಗೆಯಿಂದ ಬಡಿಯುತ್ತಲೇ ಇರಬೇಕು. ಒಂದೇ ಬ್ಯಾಚಿನ ಮೂರು ಮಾದರಿಗಳಲ್ಲಿ ಲಿಥಿಯಂ ಶೇಕಡಾ 2ರಷ್ಟು ಏರುಪೇರಾಗುತ್ತಿದೆ. ಹಾಪರ್ ಬದಲಿಸಬೇಕೇ, ಮಿಕ್ಸರ್ ಬದಲಿಸಬೇಕೇ? ಹಣ ಒಂದಕ್ಕೆ ಮಾತ್ರ ಇದೆ.

ಹಾಪರ್‌ಪೀಡಿತ:
ನನ್ನ ಕಥೆಯನ್ನು ಕೇಳಿದರೆ ತಮಗೆ ಸುತ್ತಿಗೆಯೇ ವಾಸಿ ಎನಿಸಬಹುದು. ನಾನು ಮೊದಲು 84 ಸಾವಿರ ರೂಪಾಯಿ ಕೊಟ್ಟು ಗಾಳಿ ಒತ್ತಡದ ಎರಡು ವೈಬ್ರೇಟರ್‌ಗಳನ್ನು ಹಾಕಿಸಿದೆ. ಬಾಯಿ ಮುಚ್ಚಿರುವಾಗಲೂ ಅವು ಓಡುತ್ತಿದ್ದುದರಿಂದ ಪುಡಿ ದಿಮ್ಮಿಸಿದಂತಾಗಿ, ಮೊದಲು ಹತ್ತು ಏಟಿಗೆ ಬೀಳುತ್ತಿದ್ದದ್ದು ಆಮೇಲೆ ಕಬ್ಬಿಣದ ಸಲಾಕೆ ಹಾಕಿ ತಿವಿದರೂ ಬೀಳದಾಯಿತು. ನಂತರ ಹೊರಗಿನ ಪ್ರಯೋಗಾಲಯದಲ್ಲಿ, ಒತ್ತಿದ ಪುಡಿಯನ್ನು ಜಾರಿಸಿ ನೋಡುವ ಶಿಯರ್ ಪರೀಕ್ಷೆ ಮಾಡಿಸಿದಾಗ ಹರಿವಿನ ಗುಣಾಂಕ 2ಕ್ಕಿಂತ ಕೆಳಗಿತ್ತು, ಅಂದರೆ ತೀರಾ ಅಂಟು ಪುಡಿ. ಎಂಜಿನಿಯರ್ ಜೆನಿಕೆ ಅವರು 1964ರಲ್ಲಿಯೇ ಯೂಟಾ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಹಾಪರ್ ವಿನ್ಯಾಸದ ಲೆಕ್ಕದ ಪ್ರಕಾರ ನೋಡಿದರೆ, ಬಾಯಿ ನಾನು ಇಟ್ಟಿದ್ದಕ್ಕಿಂತ ಎರಡು ಪಟ್ಟು ಅಗಲವಿರಬೇಕಿತ್ತು ಮತ್ತು ಗೋಡೆ ಇನ್ನೂ ಕಡಿದಾಗಿರಬೇಕಿತ್ತು. ಹೊಸ ಹಾಪರಿಗೆ 6 ಲಕ್ಷ 40 ಸಾವಿರ, ಕಾದದ್ದು 11 ವಾರ. ಬಂದ ಮೇಲೆ ನೋಡಿದರೆ ಒಳಗಿನ ವೆಲ್ಡಿಂಗನ್ನು ಉಜ್ಜಿ ಸಮ ಮಾಡಿರಲಿಲ್ಲ. ಪುಡಿ ಆ ಏಣಿನ ಮೇಲೆಯೇ ಕೂರುತ್ತಿತ್ತು. ಉಜ್ಜಿಸಿ ಪಾಲಿಶ್ ಮಾಡಿಸಲು ಮತ್ತೆ 70 ಸಾವಿರ. ಈಗ ಸುತ್ತಿಗೆ ಗೋದಾಮಿನಲ್ಲಿದೆ. ಹಾಪರನ್ನೇ ಬದಲಿಸಿ.

ಜಿಗಣಿ ಮಾತ್ರೆ:
ಹದಿನೆಂಟು ವರ್ಷ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಪುಡಿ ಬೆರೆಸಿದವನು ನಾನು. ಇಷ್ಟು ಸಣ್ಣ ವಿಷಯಕ್ಕೆ ಏಳು ಲಕ್ಷ ಸುರಿದವರನ್ನು ಕಂಡು ಬೇಸರವಾಗುತ್ತದೆ. ನಾವು ಶೇಕಡಾ ಅರ್ಧದಷ್ಟು ಫ್ಯೂಮ್ಡ್ ಸಿಲಿಕಾ ಎಂಬ ಅತಿ ನವಿರಾದ ಪುಡಿಯನ್ನು ಸೇರಿಸುತ್ತಿದ್ದೆವು. ಅದು ಕಣಗಳ ನಡುವೆ ನಿಂತು ಅಂಟುವಿಕೆಯನ್ನು ತಗ್ಗಿಸುತ್ತದೆ, ಮೈದಾದಂತಿದ್ದದ್ದು ರವೆಯಂತೆ ಸುರಿಯುತ್ತದೆ. ಲಿಥಿಯಂನ ಏರುಪೇರಿಗೂ ಹಾಪರ್ ಕಾರಣವಲ್ಲ. ರಿಬ್ಬನ್ ಬ್ಲೆಂಡರ್ ಪುಡಿಯನ್ನು ಮಗುಚುತ್ತದೆಯೇ ಹೊರತು ಗಂಟುಗಳನ್ನು ಒಡೆಯುವುದಿಲ್ಲ. ಕಾರ್ಬೊನೇಟನ್ನು ಮೊದಲೇ ಜರಡಿ ಹಿಡಿದು, ಸ್ವಲ್ಪ ಫಾಸ್ಫೇಟಿನೊಡನೆ ಬೆರೆಸಿ, ಆಮೇಲೆ ಉಳಿದದ್ದನ್ನು ಪಾಲುಪಾಲಾಗಿ ಸೇರಿಸಬೇಕು. ನಮ್ಮಲ್ಲಿ ಇದನ್ನು ಹೊಸ ಹುಡುಗರಿಗೆ ಮೊದಲ ವಾರವೇ ಕಲಿಸುತ್ತಿದ್ದೆವು.

ಪೋಹಾಂಗ್‌ನಿಂದ:
ಮಾತ್ರೆಯನ್ನು ಯಾರೂ 700 ಡಿಗ್ರಿಯಲ್ಲಿ ಸುಡುವುದಿಲ್ಲ, ಸ್ವಾಮಿ. ಸಿಲಿಕಾ ಕುಲುಮೆಯಲ್ಲಿ ಲಿಥಿಯಂ ಜೊತೆ ಸೇರಿ ಸಿಲಿಕೇಟ್ ಆಗುತ್ತದೆ. ಗ್ಲೂಕೋಸ್ ಬಿಟ್ಟು 100 ಕಿಲೋ ಮಿಶ್ರಣಕ್ಕೆ ಅರ್ಧ ಕಿಲೋ ಸಿಲಿಕಾ ಹಾಕಿದರೆ, ಅದೆಲ್ಲವೂ ಲಿಥಿಯಂ ಮೆಟಾಸಿಲಿಕೇಟ್ ಆದಲ್ಲಿ, ಸುಮಾರು ಶೇಕಡಾ 3ರಷ್ಟು ಲಿಥಿಯಂ ನುಂಗಿಹೋಗುತ್ತದೆ. ಪ್ರಶ್ನೆ ಕೇಳಿದವರ ಇಡೀ ಏರುಪೇರೇ ಶೇಕಡಾ 2!

ನಾನು ಇಲ್ಲಿ ಕೊರಿಯಾದಲ್ಲಿ ನಿಕಲ್ ಹೆಚ್ಚಿರುವ ಕ್ಯಾಥೋಡ್ ಮಾಡುವ ವಿಭಾಗದಲ್ಲಿದ್ದೇನೆ. ನಮಗೆ ಲಿಥಿಯಂ ಹೈಡ್ರಾಕ್ಸೈಡಿನ ಕಾಟ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುತ್ತದೆ, ಚೀಲ ಬಿಚ್ಚಿಟ್ಟರೆ ಗಟ್ಟಿಯಾಗುತ್ತದೆ. ಮಳೆಗಾಲದ ಒಂದು ರಾತ್ರಿ ಒಣಗಾಳಿಯ ಯಂತ್ರ ನಿಂತು ನಾಲ್ಕು ಬ್ಯಾಚ್ ಹಾಳಾದವು. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಿಕ್ಸರಿನೊಳಗಿನ ನೇಗಿಲಿನಾಕಾರದ ಅಲಗುಗಳು ಸವೆದಾಗ. ಪುಡಿ ಉಕ್ಕನ್ನು ತೇದು ಕಬ್ಬಿಣವನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಸೆರಾಮಿಕ್ ಒಳಪದರ, ಕಾರ್ಬೈಡ್ ಲೇಪನ, ಪ್ರತಿ ತಿರುವಿಗೂ ಅಯಸ್ಕಾಂತದ ಬಲೆ, ಇವೆಲ್ಲ ಮುಗಿದಾಗ ಮಿಕ್ಸರಿನ ಬೆಲೆಗಿಂತ ಒಳಪದರದ ಬೆಲೆಯೇ ಹೆಚ್ಚಾಗಿತ್ತು.

ಹಾಪರ್‌ಪೀಡಿತ:
ಹೊಸಬರು ಮಾಡುತ್ತಿರುವುದೇ ಲಿಥಿಯಂ ಐರನ್ ಫಾಸ್ಫೇಟ್. ಅದರಲ್ಲಿ ಚೂರು ಕಬ್ಬಿಣ ಬಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ? ನಿಕಲ್‌ನವರ ಮಡಿ ಮೈಲಿಗೆಯನ್ನು ನಮ್ಮ ಮೇಲೆ ಹೇರಬೇಡಿ.

ಪೋಹಾಂಗ್‌ನಿಂದ:
ಹೀಗೆ ಮಾತನಾಡುವವರಿಂದಲೇ ಸೆಲ್‌ಗಳು ಬಿಸಿಯಾಗುವುದು. ಹರಳಿನೊಳಗೆ ಫಾಸ್ಫೇಟಿಗೆ ಕಟ್ಟುಬಿದ್ದಿರುವ ಕಬ್ಬಿಣ ಬೇರೆ, ನಿಮ್ಮ ಸಲಾಕೆಯಿಂದ ಉದುರಿದ ಲೋಹದ ಚೂರು ಬೇರೆ. ಕ್ಯಾಥೋಡಿನ ವಿದ್ಯುತ್ ವಿಭವದಲ್ಲಿ ಆ ಚೂರು ಕರಗಿ, ಋಣಧ್ರುವವಾದ ಆನೋಡಿಗೆ ಹೋಗಿ, ಅಲ್ಲಿ ಮತ್ತೆ ಲೋಹವಾಗಿ ಬೆಳೆದು ಎರಡರ ನಡುವಿನ ವಿಭಾಜಕ ಪೊರೆಯನ್ನು ಚುಚ್ಚುತ್ತದೆ. ಕಬ್ಬಿಣದ ಸಲಾಕೆ ಹಾಕಿ ತಿವಿದೆ ಎಂದು ತಾವೇ ಬರೆದಿದ್ದೀರಿ. ಆ ಬ್ಯಾಚ್ ಯಾರಿಗೆ ಮಾರಿದಿರಿ?

ಹಾಪರ್‌ಪೀಡಿತ:
ಮಾರಲಿಲ್ಲ. ನನ್ನ ಬ್ಯಾಚಿನ ಲೆಕ್ಕ ತಮಗೆ ಒಪ್ಪಿಸಬೇಕಾದ ಅಗತ್ಯ ನನಗಿಲ್ಲ.

ತುಂತುರು:
ನೀವಿಬ್ಬರೂ ಒಣ ಪುಡಿಯ ಜೊತೆ ಜಗಳವಾಡುತ್ತಲೇ ಇರಿ. ನಾವು ಅತಿವೇಗದ ಮಿಕ್ಸರ್ ತಂದಿದ್ದೆವು. ಗಂಟು ಒಡೆಯಿತು ನಿಜ, ಆದರೆ ಪಾತ್ರೆಯ ಬಿಸಿ 80 ಡಿಗ್ರಿ ದಾಟಿದ್ದನ್ನು ಯಾರೂ ಗಮನಿಸಲಿಲ್ಲ. ನಮ್ಮದು ಹರಳಿನಲ್ಲಿ ನೀರು ಸೇರಿರುವ ಮೊನೊಹೈಡ್ರೇಟ್ ಗ್ಲೂಕೋಸ್, ಅದು ಸುಮಾರು 83 ಡಿಗ್ರಿಗೇ ಕರಗುತ್ತದೆ. ಮುಚ್ಚಳ ತೆಗೆದಾಗ ಒಳಗಿದ್ದದ್ದು ಅಂಟಿನುಂಡೆ! ಅದನ್ನು ಉಳಿಯಿಂದ ಕೆತ್ತಿ ತೆಗೆಯಲು ಮೂರು ಪಾಳಿ ಹಿಡಿಯಿತು, ಅಲಗುಗಳೆರಡು ಮುರಿದವು. ಆಮೇಲೆ ನಾನು ಹಟ ಹಿಡಿದು ಎಲ್ಲವನ್ನೂ ನೀರಿನಲ್ಲಿ ಅರೆದು, ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವ ಸ್ಪ್ರೇ ಡ್ರೈಯರಿಗೆ ಕೊಡುವ ಹಾದಿಗೆ ಬಂದೆ. ಈಗ ಉಂಡೆಕಣಗಳು ರಾಗಿಯಂತೆ ಉದುರುತ್ತವೆ, ಪ್ರತಿ ಕಣದಲ್ಲಿಯೂ ಮೂರು ಪದಾರ್ಥ ಇರುವುದರಿಂದ ದಾರಿಯಲ್ಲಿ ಬೇರ್ಪಡುವ ಪ್ರಶ್ನೆಯೇ ಇಲ್ಲ.

ಜಿಗಣಿ ಮಾತ್ರೆ:
ಇಂಧನದ ಬಿಲ್ಲನ್ನೂ ಹೇಳಿ ತಾಯಿ.

ತುಂತುರು:
ಹೇಳುತ್ತೇನೆ, ನಾಚಿಕೆಯೇನಿಲ್ಲ. ಶೇಕಡಾ 40 ಘನಪದಾರ್ಥವಿರುವ ನೀರಿನ ಮಿಶ್ರಣದಲ್ಲಿ ಒಂದು ಕಿಲೋ ಪುಡಿಗೆ ಒಂದೂವರೆ ಕಿಲೋ ನೀರು ಆವಿಯಾಗಬೇಕು. ಮೊದಲ ತಿಂಗಳ ಗ್ಯಾಸ್ ಬಿಲ್ ನೋಡಿ ನಮ್ಮ ಯಜಮಾನರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಸಿಲಿಕಾ ತಿನ್ನಿಸುವುದಕ್ಕಿಂತ ಅದು ಮೇಲು.

ಜಿಗಣಿ ಮಾತ್ರೆ:
ಸಿಲಿಕಾ ವಿಷಯದಲ್ಲಿ ನಾನು ತಪ್ಪಿದ್ದೇನೆ, ಒಪ್ಪಿದೆ. ಜರಡಿಯ ವಿಷಯದಲ್ಲಿ ತಪ್ಪಿಲ್ಲ. ಅದಕ್ಕೆ ಉತ್ತರ ಕೊಡಲು ಇಲ್ಲಿ ಯಾರಿಗೂ ಬಾಯಿಲ್ಲ.

ತುಮಕೂರಿನ ಹೊಸಬ:
ಎಲ್ಲರಿಗೂ ಧನ್ಯವಾದಗಳು. ಇಂದು ಹೋಗಿ ನೋಡಿದೆ: ನಮ್ಮ ವೈಬ್ರೇಟರ್ ಕೂಡ ಬಾಯಿ ಮುಚ್ಚಿರುವಾಗಲೇ ಓಡುತ್ತಿದೆ, ಕವಾಟಕ್ಕೂ ಅದಕ್ಕೂ ಸಂಪರ್ಕವೇ ಇಲ್ಲ. ಕಾರ್ಬೊನೇಟನ್ನು ಜರಡಿ ಹಿಡಿದಾಗ ಮೇಲೆ ಉಳಿದ ಗಂಟುಗಳು ಕಡಲೆಕಾಳಿನಷ್ಟು ದಪ್ಪವಿದ್ದವು. ಇವೆರಡನ್ನೂ ಸರಿಪಡಿಸಿ ಐದು ಬ್ಯಾಚ್ ಓಡಿಸುವವರೆಗೆ ಹಣವನ್ನು ಮುಟ್ಟುವುದಿಲ್ಲ.

ಹಾಪರ್‌ಪೀಡಿತ:
ಐದು ಬ್ಯಾಚ್ ಆದ ಮೇಲೂ 150 ಮಿಲಿಮೀಟರ್ ಬಾಯಿ 150 ಆಗಿಯೇ ಇರುತ್ತದೆ. ಹಾಪರ್ ಮಾಡಿಸುವ ದಿನ ಬಂದರೆ ಒಳಗಿನ ವೆಲ್ಡಿಂಗನ್ನು ಕೈಯಿಂದ ಸವರಿ ನೋಡದೆ ಬಿಲ್ಲಿಗೆ ಸಹಿ ಹಾಕಬೇಡಿ.

ಪೋಹಾಂಗ್‌ನಿಂದ:
ಸಲಾಕೆಯನ್ನೂ ಕೊಳ್ಳಬೇಡಿ.