ಒಬ್ಬರ ಹಾವಭಾವವನ್ನು ಹಾಗೇ ಮಾಡುವುದಕ್ಕೆ ಏನೆನ್ನಬೇಕು?

ಕತೆಗಾತಿ:
ಒಂದು ಕತೆ ಬರೆಯುತ್ತಿದ್ದೇನೆ, ಒಂದು ಪದ ಸಿಗದೆ ನಿಂತುಬಿಟ್ಟಿದೆ. ಕತೆಯಲ್ಲಿ ಒಬ್ಬ ಗುಮಾಸ್ತ. ಅವನ ಸಾಹೇಬರು ಮಾತಿನ ನಡುವೆ ಕನ್ನಡಕವನ್ನು ಹಣೆಗೆ ಏರಿಸುತ್ತಾರೆ, ಮೇಜಿನ ಮೇಲೆ ಬೆರಳು ಕುಟ್ಟುತ್ತಾರೆ, ಎದ್ದು ಹೋಗುವಾಗ ಒಂದು ಭುಜ ಕೊಂಚ ಇಳಿಬಿಟ್ಟು ನಡೆಯುತ್ತಾರೆ. ಬರಬರುತ್ತಾ ಇವನೂ ಹಾಗೇ ಮಾಡತೊಡಗುತ್ತಾನೆ, ಆದರೆ ಅದು ಅವನಿಗೇ ಗೊತ್ತಿಲ್ಲ. 'ಅಣಕಿಸುತ್ತಿದ್ದ' ಎಂದರೆ ಗೇಲಿ ಮಾಡಿದ ಹಾಗಾಗುತ್ತದೆ. 'ಅನುಕರಿಸುತ್ತಿದ್ದ' ಎಂದರೆ ಪಠ್ಯಪುಸ್ತಕ ಓದಿದ ಹಾಗಿರುತ್ತದೆ. 'ನಕಲು' ಎಂದ ಕೂಡಲೇ ಪರೀಕ್ಷೆಯ ಚೀಟಿ ನೆನಪಾಗುತ್ತದೆ. 'ಮಿಮಿಕ್ರಿ' ದನಿಗಷ್ಟೇ ಅಲ್ವಾ?

ಮುಂದೆ ಇನ್ನೊಂದು ಸನ್ನಿವೇಶ ಇದೆ. ಆಫೀಸಿನವರು ಅವನ ಬೆನ್ನ ಹಿಂದೆ ಅವನ ಹಾಗೇ ನಡೆದು ತೋರಿಸಿ ನಗುತ್ತಾರೆ. ಎರಡೂ ಕಡೆ ಒಂದೇ ಪದ ಹಾಕಲು ನನಗೆ ಮನಸ್ಸಿಲ್ಲ. ಏನಾದರೂ ತೋಚಿದರೆ ಹೇಳಿ.

ನಿಘಂಟಿನ ಹುಳ:
ಎರಡನೆಯದಕ್ಕೆ ಯೋಚನೆಯೇ ಬೇಡ, 'ಅಣಕಿಸು' ಇರುವುದೇ ಅದಕ್ಕೆ. ಅವರ ದನಿ ತೆಗೆದು, ಮೂತಿ ಸೊಟ್ಟ ಮಾಡಿ, ಅವರ ಹಾಗೇ ಕೈ ತಿರುಗಿಸಿ ತೋರಿಸುವುದೆಲ್ಲ ಅಣಕವೇ. ಹಂಗಿಸು, ಮೂದಲಿಸು, ಹೀಯಾಳಿಸು ಇವುಗಳ ಕಡೆ ಹೋಗಬೇಡಿ, ಅವಕ್ಕೆ ಬಾಯಿ ಒಂದಿದ್ದರೆ ಸಾಕು, ಕೈಕಾಲು ಆಡಿಸಬೇಕಾಗಿಲ್ಲ. 'ಏಡಿಸು' ಎಂಬ ಹಳೆಯ ಪದ ಇದೆ, ಚೆನ್ನಾಗಿದೆ, ಆದರೆ ಅದರಲ್ಲಿ ಪೀಡಿಸುವುದು ಜಾಸ್ತಿ.

ಇನ್ನೊಂದು ಮಾತು. ಅಣಕ ಎಂದರೆ ಯಾವಾಗಲೂ ಗೇಲಿಯೇ ಎಂದುಕೊಳ್ಳಬೇಡಿ. ಪತ್ರಿಕೆಗಳಲ್ಲಿ ಅಣಕು ಸಂಸತ್ತು, ಅಣಕು ಮತದಾನ, ಅಗ್ನಿಶಾಮಕದವರ ಅಣಕು ಕಾರ್ಯಾಚರಣೆ ಎಂದೆಲ್ಲ ಬರುತ್ತದಲ್ಲ, ಅಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುತ್ತಿಲ್ಲ. ನಿಜವಾದದ್ದು ಹೇಗೆ ನಡೆಯುತ್ತದೋ ಹಾಗೇ ಒಮ್ಮೆ ಮಾಡಿ ನೋಡುತ್ತಾರೆ, ಅಷ್ಟೆ. ಪ್ರತಿಭಟನೆಯವರ 'ಅಣಕು ಶವಯಾತ್ರೆ'ಗೆ ಬಂದರೆ ಮಾತ್ರ ಆ ಹಳೆಯ ಚುಚ್ಚು ಮತ್ತೆ ಬಂದು ಕೂರುತ್ತದೆ. ಆದರೂ ನಿಮ್ಮ ಗುಮಾಸ್ತನಿಗೆ ಇದು ಒಗ್ಗುವುದಿಲ್ಲ, ಒಪ್ಪುತ್ತೇನೆ.

ಪರದೆಯ ಹಿಂದೆ:
ಮಿಮಿಕ್ರಿ ದನಿಗಷ್ಟೇ ಅಲ್ಲ ಮೇಡಂ. ಅದರ ಬೇರು ಗ್ರೀಕಿನ 'ಮೀಮೋಸ್', ಅಂದರೆ ಅನುಕರಿಸುವವನು, ನಟ. ಮೈಮ್ ಬಂದದ್ದೂ ಅಲ್ಲಿಂದಲೇ. ಮಾತಿಲ್ಲದೆ ಮೈಯಲ್ಲೇ ಹೇಳುವುದು ಮೈಮ್ ಆಯಿತು, ನಾವು ಮೂಕಾಭಿನಯ ಎನ್ನುತ್ತೇವೆ. ನಮ್ಮಲ್ಲಿ ಮಿಮಿಕ್ರಿ ಎಂದರೆ ಜನ ಮೊದಲು ದನಿಗೇ ಕಿವಿ ಕೊಡುತ್ತಾರೆ, ಅದಕ್ಕೇ ನಿಮಗೆ ಹಾಗನ್ನಿಸಿದ್ದು. ಒಳ್ಳೆಯ ಮಿಮಿಕ್ರಿಯವರನ್ನು ದನಿ ಬಂದ್ ಮಾಡಿ ನೋಡಿ, ಆಗಲೂ ಅದು ಯಾರು ಎಂದು ಗೊತ್ತಾಗುತ್ತದೆ.

ನಾಟ್ಯಶಾಸ್ತ್ರದಲ್ಲಿ ಇದಕ್ಕೆ ನೇರವಾಗಿ ಸಂಬಂಧಪಟ್ಟ ಒಂದು ಮಾತಿದೆ. ಬೇರೆಯವರ ಚೇಷ್ಟೆಯನ್ನು ಅನುಕರಿಸಿದರೆ ನಗು ಹುಟ್ಟುತ್ತದೆ ಎನ್ನುತ್ತಾನೆ ಅದನ್ನು ಬರೆದ ಭರತಮುನಿ. ಇಲ್ಲಿ ಚೇಷ್ಟೆ ಎಂದರೆ ತುಂಟಾಟ ಅಲ್ಲ, ಮೈಯ ಚಲನೆ, ನಡವಳಿಕೆ. ಮುಂದೆ ಆ ಗ್ರಂಥವನ್ನು ವ್ಯಾಖ್ಯಾನಿಸಿದ ಶಂಕುಕ ಎಂಬವನು, ರಾಮನ ಪಾತ್ರದ ನಟ ಮಾಡುವುದು ರಾಮನ ಅನುಕರಣೆ ಎಂದು ವಾದಿಸಿದ. ಆಮೇಲಿನ ವ್ಯಾಖ್ಯಾನಕಾರ ಅಭಿನವಗುಪ್ತನೂ ಅವನ ಗುರು ಭಟ್ಟತೌತನೂ ಅದನ್ನು ಒಪ್ಪಲಿಲ್ಲ. ರಾಮನನ್ನು ಕಂಡವರು ಯಾರು, ಕಾಣದವನನ್ನು ಅನುಕರಿಸುವುದು ಹೇಗೆ ಎಂದು ಕೇಳಿದರು. ಅಲ್ಲದೆ ಅನುಕರಣೆಯಿಂದ ನಗು ಬರುತ್ತದೆ ಎಂದು ಭರತನೇ ಹೇಳಿದ ಮೇಲೆ ರಂಗದ ಮೇಲಿನ ರಾಮನನ್ನು ನೋಡಿ ಜನ ನಗಬೇಕಿತ್ತಲ್ಲ! ನನಗಂತೂ ಈ ಜಗಳ ಬಹಳ ಇಷ್ಟ. ನಿಮ್ಮ ಆಫೀಸಿನವರು ಮಾಡುವುದು ಭರತ ಹೇಳಿದ್ದನ್ನೇ, ಗುಮಾಸ್ತನದು ಅಭಿನಯವೂ ಅಲ್ಲ, ಯಾಕೆಂದರೆ ಅವನಿಗೆ ನೋಡುವವರೇ ಬೇಕಾಗಿಲ್ಲ.

ಮನಸ್ಸಿನ ವಿದ್ಯಾರ್ಥಿ:
ಗುಮಾಸ್ತನಿಗೆ ಆಗಿರುವುದನ್ನು ಮನಃಶಾಸ್ತ್ರದವರು ಗೋಸುಂಬೆ ಪರಿಣಾಮ ಎನ್ನುತ್ತಾರೆ. ಚಾರ್ಟ್ರಾಂಡ್ ಮತ್ತು ಬಾರ್ಗ್ ಎಂಬಿಬ್ಬರು 1999ರಲ್ಲಿ ಇದರ ಪ್ರಯೋಗಗಳನ್ನು ಪ್ರಕಟಿಸಿದರು. ಜೊತೆಯಲ್ಲಿ ಕೂತವರು ಮುಖ ಉಜ್ಜಿಕೊಳ್ಳುತ್ತಿದ್ದರೆ ಪ್ರಯೋಗಕ್ಕೆ ಬಂದವರೂ ಜಾಸ್ತಿ ಮುಖ ಉಜ್ಜಿಕೊಂಡರು, ಕಾಲು ಅಲ್ಲಾಡಿಸುತ್ತಿದ್ದರೆ ಇವರೂ ಅಲ್ಲಾಡಿಸಿದರು. ಅದು ಅವರ ಗಮನಕ್ಕೇ ಬಂದಿರಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಎದುರಿನವರು ತಮ್ಮ ಹಾಗೇ ಕೂತು ಕೈಕಾಲು ಆಡಿಸಿದಾಗ ಜನಕ್ಕೆ ಅವರು ಹೆಚ್ಚು ಇಷ್ಟವಾದರು. ಕತೆಗೆ ಇದು ಬರಬಹುದು ನೋಡಿ, ಸಾಹೇಬರಿಗೆ ಗುಮಾಸ್ತನ ಮೇಲೆ ಯಾಕೋ ವಿಶ್ವಾಸ, ಯಾಕೆ ಎಂದು ಅವರಿಗೂ ಗೊತ್ತಿಲ್ಲ.

ಪದ ಮಾತ್ರ ತೆಗೆದುಕೊಳ್ಳಬೇಡಿ. ಕನ್ನಡದಲ್ಲಿ ಗೋಸುಂಬೆ ಎಂದರೆ ಸಮಯಸಾಧಕ ಎಂಬ ಬೈಗುಳ.

ಸುಮ್ನೆ ಓದುಗ:
ಇಷ್ಟೆಲ್ಲ ಯಾಕೆ? 'ಸಾಹೇಬರ ಗಾಳಿ ಬೀಸಿದೆ' ಎಂದು ಬರೆಯಿರಿ. ಇಲ್ಲಾಂದ್ರೆ 'ಸಾಹೇಬರ ಚಾಳಿ ಇವನಿಗೂ ಅಂಟಿತ್ತು'. ಅಂಟುವುದು ತಾನಾಗೇ ಆಗುವುದು, ಯಾರೂ ಬೇಕೆಂದು ಅಂಟಿಸಿಕೊಳ್ಳುವುದಿಲ್ಲ. ನವಿಲನ್ನು ನೋಡಿ ಕುಣಿದ ಕೆಂಬೂತದ ಗಾದೆ ಹಾಕಿಬಿಡಿ ಎಂದು ಬರೆಯಲು ಹೊರಟಿದ್ದೆ, ಆದರೆ ಕೆಂಬೂತಕ್ಕೆ ತಾನು ಏನು ಮಾಡುತ್ತಿದ್ದೇನೆ ಎಂದು ಚೆನ್ನಾಗೇ ಗೊತ್ತಿತ್ತು.

ಕತೆಗಾತಿ:
'ಅಂಟು' ಬಹಳ ಹಿಡಿಸಿತು, ಥ್ಯಾಂಕ್ಸ್. ಆಫೀಸಿನವರಿಗೆ ಅಣಕವೇ ಇರಲಿ. 'ಗಾಳಿ ಬೀಸಿದೆ' ಎಂದರೆ ಸಾಹೇಬರ ಯೋಚನೆ, ಬುದ್ಧಿ ಎಲ್ಲವೂ ಬಂದ ಹಾಗಾಗುತ್ತದೆ. ನನ್ನವನಿಗೆ ಬಂದಿರುವುದು ಬರೀ ಕನ್ನಡಕ ಏರಿಸುವುದು, ಬುದ್ಧಿ ಅವನದೇ ಇದೆ, ಪಾಪ. ಪರದೆಯ ಹಿಂದೆ ಅವರೇ, ಆ ರಾಮನ ವಾದವನ್ನು ಕತೆಯ ಒಬ್ಬ ನಿವೃತ್ತ ಮೇಷ್ಟ್ರ ಬಾಯಲ್ಲಿ ಇಡಬೇಕೆನ್ನಿಸುತ್ತಿದೆ.

ನಿಘಂಟಿನ ಹುಳ:
ಅಂಟು ಇರಲಿ, ಚಾಳಿ ಬಿಡಿ. ಚಾಳಿ ಎಂದ ಕೂಡಲೇ ಓದುವವರು ಇದೇನೋ ಕೆಟ್ಟ ಅಭ್ಯಾಸ ಎಂದುಕೊಳ್ಳುತ್ತಾರೆ. ಕನ್ನಡಕ ಹಣೆಗೇರಿಸುವುದರಲ್ಲಿ ಕೆಟ್ಟದ್ದೇನಿದೆ? 'ವರಸೆ' ಹಾಕಿ ನೋಡಿ. 'ಸಾಹೇಬರ ವರಸೆ ಅವನಿಗೂ ಅಂಟಿತ್ತು.' ಸಾಹೇಬರು ಅದನ್ನು ನೋಡುತ್ತಾರಾ ಇಲ್ವಾ ಕತೆಯಲ್ಲಿ?