ಎಲೆಕ್ಟ್ರಾನಿಕ್ ಡ್ರಮ್ಸ್ ತಂದರೂ ಕೆಳಗಿನ ಮನೆಯವರ ದೂರು ತಪ್ಪಿಲ್ಲ, ಏನು ಮಾಡಲಿ?

ಮೂರನೇ_ಮಹಡಿ:
ಸದ್ದಾಗಬಾರದು ಅಂತಲೇ ಎಲೆಕ್ಟ್ರಾನಿಕ್ ಕಿಟ್ ತಗೊಂಡೆ. ಮೆಶ್ ಪ್ಯಾಡ್ (ಸದ್ದು ಕಮ್ಮಿ ಮಾಡಲು ಬಲೆಯಂಥ ಹೊದಿಕೆ ಬಿಗಿದ ಪ್ಯಾಡ್), ಕಿವಿಗೆ ಹೆಡ್‌ಫೋನ್. ಪಕ್ಕದ ರೂಮಿನಲ್ಲಿ ಕೂತವರಿಗೂ ಟಕಟಕ ಅನ್ನೋದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಆದರೆ ಕೆಳಗಿನ ಮನೆಯವರು ಮೇಲೆ ಬಂದು, "ನೆಲಕ್ಕೆ ಸುತ್ತಿಗೆಯಲ್ಲಿ ಹೊಡೀತಿದ್ದೀರಾ?" ಅಂತ ಕೇಳಿದರು. ಕಾರ್ಪೆಟ್ ಹಾಕಿ ನೋಡಿದೆ, ವ್ಯತ್ಯಾಸ ಇಲ್ಲ. ಈಗ ಗೋಡೆಗೆಲ್ಲ ಫೋಮ್ ಅಂಟಿಸೋಣ ಅಂತಿದ್ದೇನೆ. ಕೆಲಸ ಮಾಡುತ್ತಾ?

ರಬ್ಬರ್_ಪ್ಯಾಡ್:
ಕಿಟ್ ಮುಚ್ಚಿಟ್ಟು ಪ್ರಾಕ್ಟೀಸ್ ಪ್ಯಾಡ್ ಮೇಲೆ ಕೈ ಪಳಗಿಸಿ. ಯಾರೂ ಬಾಗಿಲು ತಟ್ಟಲ್ಲ.

ತಾಳಗೇಡಿ:
ಪ್ಯಾಡ್ ಒಳ್ಳೆಯದೇ, ಆದರೆ ಅದರಲ್ಲಿ ಕಾಲಿಗೆ ಕೆಲಸ ಇಲ್ಲ ಅಲ್ವಾ. ಇಲ್ಲಿ ತೊಂದರೆ ಇರುವುದೇ ಕಾಲಿನಲ್ಲಿ.

ಮೊದಲು ಫೋಮ್ ವಿಷಯ. ದಯವಿಟ್ಟು ತಗೋಬೇಡಿ. ಅದು ರೂಮಿನೊಳಗೆ ಸದ್ದು ಮಾರ್ದನಿಸುವುದನ್ನು ಕಡಿಮೆ ಮಾಡುತ್ತೆ, ರೆಕಾರ್ಡಿಂಗ್‌ಗೆ ಚೆನ್ನ. ಸದ್ದು ಹೊರಗೆ ಹೋಗದಂತೆ ತಡೆಯಲು ಭಾರ ಬೇಕು, ಸಂದಿ ಇಲ್ಲದ ಗೋಡೆ, ಬಾಗಿಲು ಬೇಕು. ಹಗುರವಾದ ಸ್ಪಂಜಿನಿಂದ ಅದು ಆಗದು. ಅಲ್ಲದೆ ನಿಮ್ಮ ಸದ್ದು ಗಾಳಿಯಲ್ಲಿ ಹೋಗ್ತಾನೇ ಇಲ್ಲ. ಕಿಕ್, ಅಂದರೆ ಕಾಲಿನಿಂದ ನುಡಿಸುವ ಡ್ರಮ್ಮಿನ ಪೆಡಲ್ ತುಳಿದಾಗ ಅದರ ಸುತ್ತಿಗೆ (ಬೀಟರ್) ಪ್ಯಾಡಿಗೆ ಬಡಿಯುತ್ತೆ, ಆ ಪೆಟ್ಟು ಸ್ಟ್ಯಾಂಡಿನಿಂದ ನೆಲಕ್ಕೆ, ನೆಲದಿಂದ ಕೆಳಗಿನವರ ಚಾವಣಿಗೆ. ಅವರ ಇಡೀ ಚಾವಣಿ ಸ್ಪೀಕರ್ ಆಗಿಬಿಡುತ್ತೆ. 1997ರಲ್ಲಿ ರೋಲ್ಯಾಂಡ್ ಕಂಪನಿ ಮೆಶ್ ಪ್ಯಾಡ್ ಇರುವ ಕಿಟ್ ತಂದಮೇಲೆ ಕೈಯ ಸದ್ದು ಬಹುಮಟ್ಟಿಗೆ ಅಡಗಿತು. ಕಾಲಿನದು ಇನ್ನೂ ಅಡಗಿಲ್ಲ.

ಇದಕ್ಕೆ ಡ್ರಮ್ಮರ್‌ಗಳು ಮಾಡಿಕೊಳ್ಳುವುದು ಟೆನಿಸ್ ಬಾಲ್ ಹಲಗೆ. ನಾನೂ ಅದನ್ನೇ ಬಳಸುವುದು. 18 ಮಿ.ಮೀ. ದಪ್ಪದ ಎರಡು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ್ದು) ಅಥವಾ ಪ್ಲೈವುಡ್ ಹಲಗೆ, ಇಡೀ ಕಿಟ್ ಮತ್ತು ನಿಮ್ಮ ಸ್ಟೂಲ್ ಹಿಡಿಸುವಷ್ಟು ದೊಡ್ಡದು. ಕೆಳಗಿನ ಹಲಗೆಯಲ್ಲಿ 5 ಸೆಂ.ಮೀ. ಅಗಲದ ತೂತು ಕೊರೆದು ಒಂದೊಂದರಲ್ಲಿ ಒಂದು ಚೆಂಡು ಕೂರಿಸಿ. ಚೆಂಡಿನ ಅಗಲ ಸುಮಾರು 6.5 ಸೆಂ.ಮೀ., ಹಾಗಾಗಿ ಅರ್ಧಂಬರ್ಧ ಇಳಿದು ನಿಲ್ಲುತ್ತೆ, ನೆಲ ಮುಟ್ಟಲ್ಲ. ತೂತು 6 ಸೆಂ.ಮೀ. ಆದರೆ ಮುಟ್ಟಿಬಿಡುತ್ತೆ, ನೋಡಿಕೊಳ್ಳಿ. ಮೇಲೆ ಇನ್ನೊಂದು ಹಲಗೆ, ಅದರ ಮೇಲೆ ಕಾರ್ಪೆಟ್. ಸ್ಟೂಲ್ ಮತ್ತು ಕಿಕ್ ಕೆಳಗೆ ಚೆಂಡು ಜಾಸ್ತಿ ಇರಲಿ, ನಿಮ್ಮ ಭಾರ ಬೀಳುವುದು ಅಲ್ಲೇ. ಚೆಂಡು ಚಪ್ಪಟೆಯಾಗುವಷ್ಟು ಒತ್ತಿದರೆ ಸ್ಪ್ರಿಂಗಿನ ಗುಣವೇ ಹೋಗುತ್ತೆ. ಮೇಲಿನ ಹಲಗೆ ಗೋಡೆಗೆ ಒಂದು ಮೂಲೆಯಲ್ಲೂ ತಾಗಬಾರದು. ತಾಗಿದರೆ ಅಷ್ಟೂ ಕೆಲಸ ದಂಡ, ಕಂಪನ ಆ ದಾರಿ ಹಿಡಿಯುತ್ತೆ.

ಸುಮ್ನೆ ಕಾರ್ಪೆಟ್ ಮಾತ್ರ ಹಾಸಿದರೆ ಆಗಲ್ಲ. ಅದು ಹೆಚ್ಚೆಂದರೆ ಚಪ್ಪಲಿ ಸದ್ದು ತಡೆದೀತು.

ಮೂರನೇ_ಮಹಡಿ:
ಮರಗೆಲಸ ನನಗೆ ಬರಲ್ಲ 😅 ಅದು ಆಗುವ ತನಕ ಏನಾದರೂ?

ತಾಳಗೇಡಿ:
ಹಿಮ್ಮಡಿ ನೆಲಕ್ಕೆ ಊರಿಕೊಂಡು ಪಾದದ ಮುಂಭಾಗದಿಂದ ಮಾತ್ರ ತುಳಿಯಿರಿ. ಇಡೀ ಕಾಲಿನ ಭಾರ ಬೀಳಲ್ಲ, ಪೆಟ್ಟು ಮೆದುವಾಗುತ್ತೆ. ಬೀಟರ್ ಇಲ್ಲದ ಪೆಡಲ್‌ಗಳೂ ಸಿಗುತ್ತವೆ, ಸದ್ದು ತುಂಬ ಕಡಿಮೆ. ತುಳಿದ ಅನುಭವ ಮಾತ್ರ ನನಗೆ ಹಿಡಿಸಲಿಲ್ಲ.

ಇನ್ನೊಂದು. ಕೆಳಗಿನವರನ್ನು ಕೇಳಿ ಅವರ ಮನೆಗೆ ಹೋಗಿ ನಿಲ್ಲಿ, ಮೇಲೆ ಬೇರೆ ಯಾರಾದರೂ ನುಡಿಸಲಿ. ಮೊದಲು ಕೋಲಿನಲ್ಲಿ ಹೊಡೆಯುವ ಸ್ನೇರ್ ಡ್ರಮ್ ಮಾತ್ರ, ಆಮೇಲೆ ಕಿಕ್ ಮಾತ್ರ. ಅಂದಾಜಿನಲ್ಲಿ ಹಣ ಸುರಿಯುವ ಮೊದಲು ಇದನ್ನು ಮಾಡಿ.

ಕೆಳಮನೆ_ಕಿವಿ:
ನಾನು ಇನ್ನೊಂದು ಪಕ್ಷದವನು, ನಮ್ಮ ತಲೆ ಮೇಲೂ ಒಬ್ಬರು ಡ್ರಮ್ಮರ್ ಇದ್ದಾರೆ. ಸದ್ದಿಗಿಂತ ಅದು ಯಾವಾಗ ಶುರುವಾಗುತ್ತೋ ಅನ್ನೋದೇ ಹಿಂಸೆಯಾಗಿತ್ತು. ಸಂಜೆ ಆರರಿಂದ ಏಳು ಅಂತ ಹೇಳಿದ ಮೇಲೆ ನಾವು ಆ ಹೊತ್ತಿಗೆ ವಾಕಿಂಗ್ ಇಟ್ಟುಕೊಂಡೆವು.

ನಿಜವಾದ_ಡ್ರಮ್ಸ್:
ನನ್ನದು ಅಕೂಸ್ಟಿಕ್ ಕಿಟ್, ಅಂದರೆ ಕರೆಂಟ್ ಬೇಡದ ಮಾಮೂಲಿ ಡ್ರಮ್ಸ್. ಡ್ರಮ್ಮಿಗೆ ಬಲೆಯ ಹೊದಿಕೆ (ಮೆಶ್ ಹೆಡ್), ತೂತುಗಳಿರುವ ಲೋ ವಾಲ್ಯೂಮ್ ಸಿಂಬಲ್ (ತಾಳದ ತಟ್ಟೆ) ಹಾಕಿದರೆ ನನಗೂ ಈ ಹಲಗೆ ಬೇಕಾಗುತ್ತಾ?

ತಾಳಗೇಡಿ:
ಕೆಳಗೆ ಮನೆ ಇದ್ದರೆ ಬೇಕು. ಮೆಶ್ ಹಾಕಿದರೂ ಬೀಟರ್ ಬಡಿಯುವುದು ತಪ್ಪಲ್ಲ. ಹೈಹ್ಯಾಟ್ (ಎಡಗಾಲಿನಿಂದ ತುಳಿಯುವ ಜೋಡಿ ಸಿಂಬಲ್) ಸ್ಟ್ಯಾಂಡನ್ನೂ ಹಲಗೆ ಮೇಲೇ ಇಡಿ, ತುಂಬ ಜನ ಅದನ್ನು ಹೊರಗೆ ಬಿಡ್ತಾರೆ. ಎಡಗಾಲೂ ಕುಟ್ಟುತ್ತೆ.