ಮುತ್ತಜ್ಜನ ಬಯೊನೆಟ್‌ಗೆ ಸಾಣೆ ಹಿಡಿಸಬಹುದಾ?

ಶಹಾಪುರದವ, ಬೆಳಗಾವಿ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಅಟ್ಟ ಸ್ವಚ್ಛ ಮಾಡುವಾಗ ಮುತ್ತಜ್ಜನ ಟ್ರಂಕಿನಲ್ಲಿ ಒಂದು ಬಯೊನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ, ಸಿಕ್ಕಿತು. ಅಲಗು 12 ಇಂಚು, ಎರಡೂ ಕಡೆ ಬಾಯಿ. ಮರದ ಹಿಡಿಗೆ ಎರಡು ಹಿತ್ತಾಳೆ ರಿವೆಟ್. ಅಲಗಿನ ಬುಡದಲ್ಲಿ ಕಿರೀಟ, ಅದರ ಕೆಳಗೆ ‘ವಿ.ಆರ್.’, ಆಮೇಲೆ 5 '94. ಇನ್ನೊಂದು ಬದಿಗೆ ಬಾಣದ ಗುರುತು, ಒಂದು ಎಕ್ಸ್. ಅಲಗೆಲ್ಲ ಕಂದು, ಅಲ್ಲಲ್ಲಿ ಕೆಂಪು ತುಕ್ಕು. ನವಮಿಯ ಖಂಡೆ ಪೂಜೆಗೆ ಇಡಬೇಕು ಅಂತ ಆಸೆ. ಅಪ್ಪ ಹುಣಸೆಹಣ್ಣು ಹಚ್ಚಿ ತಿಕ್ಕು ಅಂತಾರೆ. ಸಾಣೆ ಹಿಡಿಸಿದರೆ ಇನ್ನೂ ಚೆನ್ನಾಗಿ ಹೊಳೆಯಬಹುದು ಅಂತ ನನ್ನ ಲೆಕ್ಕ. ಏನು ಮಾಡಲಿ?

ವಿಜಯಪುರ ಕಾಕಾ:
ತಮ್ಮಾ, ಹುಣಸೆಹಣ್ಣೂ ಬೇಡ, ಸಾಣೆಯಂತೂ ಬೇಡವೇ ಬೇಡ. ನಿನ್ನ ಕೈಗೆ ಸಿಕ್ಕಿದ್ದು 1888ರ ಮಾದರಿ, ಲೀ-ಮೆಟ್‌ಫರ್ಡ್ ಬಂದೂಕಿನದು. ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿ. ಆ ಅಂಕಿ 1894ರ ಮೇ ತಿಂಗಳು. ಬಾಣ ಅಂದರೆ ಸರಕಾರದ ಸ್ವತ್ತು. ಎಕ್ಸ್ ಅಂದರೆ ಅಲಗನ್ನು ಬಗ್ಗಿಸಿ ಪರೀಕ್ಷೆ ಮಾಡಿದ್ದಾರೆ. ಸಾಣೆಗೆ ಕೊಟ್ಟರೆ ಇವೆಲ್ಲ ಅಳಿಸಿಹೋಗುತ್ತವೆ. ಉಳಿಯುವುದು ಬರೀ ಹೊಳೆಯುವ ಕಬ್ಬಿಣ.

ನಾನು ಇದನ್ನು ಕಳೆದುಕೊಂಡೇ ಕಲಿತಿದ್ದು. ಇಪ್ಪತ್ತು ವರ್ಷದ ಹಿಂದೆ ಗುಜರಿಯಲ್ಲಿ ಒಂದು ಕಟಾರಿ ಕೊಂಡೆ. ಕಪ್ಪಗಿತ್ತು. ಅವತ್ತೇ ಸಾಣೆ ಹಿಡಿಸಿದೆ. ಮನೆಗೆ ತಂದು ನೋಡಿದರೆ ಹಿಡಿಯ ಸಂದಿಯಲ್ಲಿ ಚಿನ್ನದ ತಂತಿಯ ಒಂದು ಬಳ್ಳಿ, ಅರ್ಧ ಮಾತ್ರ. ಉಳಿದರ್ಧ ಸಾಣೆಕಲ್ಲಿಗೆ ಹೋಗಿತ್ತು. ಅದೇನೂ ದಪ್ಪ ಚಿನ್ನವಲ್ಲ. ಉಕ್ಕನ್ನು ಗೀರಿ, ತಂತಿ ಕೂರಿಸಿ, ಬಡಿದಿರುತ್ತಾರೆ. ಆ ಕಟಾರಿ ಈಗಲೂ ನನ್ನ ಹತ್ತಿರ ಇದೆ. ತೆಗೆದು ನೋಡಲು ಮನಸ್ಸಾಗುವುದಿಲ್ಲ.

ಕೆಂಪು ತುಕ್ಕಿನ ಮೇಲೆ ಹೊಲಿಗೆ ಮಷಿನ್ ಎಣ್ಣೆ ಎರಡು ದಿನ ಬಿಡು. ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆದು ಹತ್ತಿ ಬಟ್ಟೆಯಲ್ಲಿ ಒರೆಸು. ಕಂದು ಬಣ್ಣವನ್ನು ಮುಟ್ಟಬೇಡ, ಅದು ವಯಸ್ಸು. ತೊಗಲಿನ ಒರೆ ಇದ್ದರೆ ಅದರೊಳಗೆ ಇಡಬೇಡ. ನಿಮ್ಮ ಬೆಳಗಾವಿ ಮಳೆಗೆ ತೊಗಲು ನೀರು ಹೀರುತ್ತದೆ, ಅಲಗು ತುಕ್ಕು ಹಿಡಿಯುತ್ತದೆ. ಪೂಜೆ ಧಾರಾಳವಾಗಿ ಮಾಡು, ಆದರೆ ಅರಿಶಿನ ಕುಂಕುಮ ಟ್ರಂಕಿಗೆ ಹಚ್ಚು. ಹಿಡಿಯ ತುದಿಯನ್ನೂ ಸರಿಯಾಗಿ ನೋಡು. ಪಲ್ಟಣದ ಗುರುತು ಅಲ್ಲಿ ಇರುವುದುಂಟು.

ಮುಧೋಳ ಮಾಸ್ತರ:
ಕಾಕಾ ಹೇಳಿದ್ದು ಸರಿ. ಇನ್ನೊಂದು ಮಾತು. ಒಂಬತ್ತು ಇಂಚಿಗಿಂತ ಉದ್ದದ ಅಲಗು, ಅದರಲ್ಲೂ ಬಯೊನೆಟ್, ಆಯುಧ ಕಾನೂನಿನಲ್ಲಿ ಬರುತ್ತದೆ. ನಿಮ್ಮ ಭಾಗದಲ್ಲಿ ಲೈಸೆನ್ಸ್ ಬೇಕಾ ಅಂತ ಠಾಣೆಯಲ್ಲಿ ಕೇಳಿಬಿಡಿ. ನೂರು ವರ್ಷ ದಾಟಿದ ವಸ್ತು, ಹೊರದೇಶದವರಿಗೆ ಮಾರಲೇಬೇಡಿ.

ನಮ್ಮ ಹಲಗಲಿ ಬೇಡರು 1857ರಲ್ಲಿ ಆಯುಧ ಒಪ್ಪಿಸೋದಿಲ್ಲ ಅಂದದ್ದಕ್ಕೆ ಊರೇ ಸುಟ್ಟುಹೋಯಿತು. ಆ ಕೈಗಳಲ್ಲಿದ್ದ ಕತ್ತಿಗಳು ಈಗ ಎಲ್ಲಿವೆ? ಅದಕ್ಕೇ ಯಾರ ಮನೆಯಲ್ಲಾದರೂ ಒಂದು ಹಳೇ ಅಲಗು ಉಳಿದಿದೆ ಅಂದರೆ ನನಗೆ ಜೀವ ಹಿಗ್ಗುತ್ತದೆ, ಅದು ಎದುರಿನ ಪಲ್ಟಣದ್ದಾದರೂ ಸರಿ.

ಶಹಾಪುರದವ, ಬೆಳಗಾವಿ:
ಕಾಕಾ, ಅಪ್ಪನಿಗೆ ಓದಿ ಹೇಳಿದೆ. ಹುಣಸೆಹಣ್ಣು ವಾಪಸ್ ಡಬ್ಬಿಗೆ ಹೋಯಿತು. ಎಣ್ಣೆ ಹಚ್ಚಿ ಒರೆಸಿದ ಮೇಲೆ ಹಿಡಿಯ ತುದಿಯಲ್ಲಿ ಮೂರು ಅಂಕಿ ಕಂಡವು. ನಾಳೆ ಬೆಳಕಿನಲ್ಲಿ ಫೋಟೋ ತೆಗೆದು ಹಾಕುತ್ತೇನೆ.